ಚಿನ್ನದ ಸಾಲು

ನವೆಂಬರ್ 6

ಇವತ್ತು ನನ್ನನ್ನು ಹೆಸರು ಹಿಡಿದು ಕರೆದದ್ದು ವಿಮಾನ ಕಂಪನಿಯ ಇಮೇಲ್ ಒಂದೇ.

ಆಸ್ಪತ್ರೆಯಲ್ಲಿ ನಾನು ‘ಮಗು ತಾಯಿ’. ಔಷಧಿ ಅಂಗಡಿಯವನಿಗೆ ‘ಅಕ್ಕಾ, ಡೈಪರ್ ಬಂದಿದೆ’. ಗಂಡನಿಗೆ ‘ಲೇ’. ಮೇಲಿನ ಮನೆಯ ನರ್ಸಮ್ಮನಿಗೆ ‘ಏನಮ್ಮಾ ಬಾಣಂತಿ’. ಇಮೇಲ್ ಮಾತ್ರ ನನ್ನ ಪೂರ್ತಿ ಹೆಸರು ಬರೆದು, ಹಿಂದೆ ಅಪ್ಪನ ಹೆಸರನ್ನೂ ಬಿಡದೆ ಸೇರಿಸಿ, ಕೆಳಗೆ ‘ಚಿನ್ನದ ಬಳಗದ ಸದಸ್ಯೆ’ ಎಂದಿತ್ತು.

ಈ ಕಂಪನಿಗೆ ಎಲ್ಲವನ್ನೂ ನಮ್ಮ ಭಾಷೆಯಲ್ಲೇ ಹೇಳುವ ಚಟ. ಬೇರೆ ಕಡೆ ಸಿಲ್ವರ್, ಗೋಲ್ಡ್ ಎಂದು ಕರೆಯುವುದಕ್ಕೆ ಇಲ್ಲಿ ಬೆಳ್ಳಿ, ಚಿನ್ನ. ಅದರ ಮೇಲೆ ವಜ್ರ. ಹೆಚ್ಚು ಹಾರಿದಷ್ಟೂ ಮೇಲಿನ ದರ್ಜೆ. ಚಿನ್ನದವರಿಗೆ ನಿಲ್ದಾಣದಲ್ಲಿ ಬೇರೆ ಸಾಲು, ಬೇರೆ ವಿಶ್ರಾಂತಿ ಕೋಣೆ, ಹೆಚ್ಚು ಸಾಮಾನು. ಈ ವರ್ಷ ನಾನು ಜೂನ್‌ವರೆಗೆ ಹೊಟ್ಟೆ ಹೊತ್ತುಕೊಂಡೇ ಹಾರಿದೆ. ಆಮೇಲೆ ಡಾಕ್ಟರು ಬೇಡ ಎಂದರು. ಡಿಸೆಂಬರ್ ಮುಗಿಯುವುದರೊಳಗೆ ಇನ್ನೊಮ್ಮೆ ಎಲ್ಲಿಗಾದರೂ ಹೋಗಿ ಬಂದರೆ ಚಿನ್ನ ಉಳಿಯುತ್ತದಂತೆ. ಇಲ್ಲದಿದ್ದರೆ ಬೆಳ್ಳಿಗೆ ಇಳಿಸುತ್ತಾರಂತೆ.

‘ನಿಮ್ಮನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ’ ಎಂದು ಕೊನೆಯಲ್ಲಿ ಬರೆದಿದ್ದಾರೆ. ಯಂತ್ರ ಬರೆದದ್ದು, ಗೊತ್ತು. ಆದರೂ ಮತ್ತೆ ಓದಿದೆ. ಮೂರನೇ ಸಲ ಓದುವಷ್ಟರಲ್ಲಿ ಮಗು ಎದ್ದಿತು.

ನವೆಂಬರ್ 9

ತೂಕದ ಬಟ್ಟುಗಳ ಪೆಟ್ಟಿಗೆ ಮಂಚದ ಕೆಳಗಿದೆ. ನೆಲ ಒರೆಸುವಾಗ ಕೈಗೆ ತಗುಲಿತು.

ಕಾರ್ಖಾನೆಗಳ ತೂಕದ ಯಂತ್ರ ಸರಿಯಾಗಿ ತೂಗುತ್ತಿದೆಯೇ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ಕೆಲಸವಾಗಿತ್ತು ಎನ್ನಬೇಕೋ ಏನೋ. ರಜೆ ಎಂದು ಕೊಟ್ಟಿದ್ದಾರೆ, ಆದರೆ ಆಫೀಸಿನಿಂದ ಒಂದು ಫೋನೂ ಇಲ್ಲ. ಪೆಟ್ಟಿಗೆಯೊಳಗೆ ಮೆತ್ತನೆಯ ಬಟ್ಟೆಯ ಗುಳಿಗಳಲ್ಲಿ ಉಕ್ಕಿನ ಬಟ್ಟುಗಳು ಸಾಲಾಗಿ ಮಲಗಿವೆ. ಕೈಗವಸಿಲ್ಲದೆ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡು ಅಂಟಿದರೂ ತೂಕ ತಪ್ಪುತ್ತದೆ. ಈ ಪೆಟ್ಟಿಗೆಯನ್ನು ವಿಮಾನದಲ್ಲಿ ಸಾಗಿಸುವುದೇ ಮೊದಲು ದೊಡ್ಡ ಜಗಳವಾಗಿತ್ತು. ಚಿನ್ನ ಬಂದ ಮೇಲೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ‘ಚಿನ್ನದವರು, ಬಿಡ್ರಿ’ ಎಂದು ಒಬ್ಬರಿಗೊಬ್ಬರು ಹೇಳಿ ಬೆಲ್ಟಿನ ಮೇಲೆ ಇಡುತ್ತಿದ್ದರು.

ಮನೆಗೆ ಬಂದವರೆಲ್ಲ ಮಗುವನ್ನು ನೋಡಿ ‘ಚಿನ್ನ, ಚಿನ್ನ’ ಎನ್ನುತ್ತಾರೆ. ಗಂಡನಂತೂ ಹೆಸರನ್ನೇ ಮರೆತಿದ್ದಾನೆ. ಫೋನಿನಲ್ಲಿ ಅಕ್ಕನೂ ‘ಚಿನ್ನ ಏನ್ಮಾಡ್ತಿದೆ?’ ಎನ್ನುತ್ತಾಳೆ. ನನ್ನ ಬಾಯಿಗೆ ಅದು ಬರುವುದಿಲ್ಲ. ನಾನು ‘ಮಗು’ ಎಂದೇ ಅನ್ನುತ್ತೇನೆ. ತಪ್ಪೇನಿಲ್ಲವಲ್ಲ. ಮಗುವೇ ಅಲ್ಲವೇ ಅದು.

ನವೆಂಬರ್ 14

ಮಗು ಮಲಗಿದರೆ ನನಗೆ ಮಲಗಲು ಆಗುವುದಿಲ್ಲ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಉಸಿರು ತಗುಲುತ್ತದೆ. ತೆಗೆಯುತ್ತೇನೆ. ತಗುಲಿದ್ದು ಉಸಿರೋ ಫ್ಯಾನಿನ ಗಾಳಿಯೋ ಎಂದು ಅನುಮಾನ. ಫ್ಯಾನ್ ನಿಲ್ಲಿಸಿ ಮತ್ತೆ ಹಿಡಿಯುತ್ತೇನೆ. ಸೆಕೆಗೆ ಎದ್ದು ಅಳುತ್ತದೆ. ಆಗ ಸಮಾಧಾನ: ಅಳುತ್ತಿದೆ ಎಂದರೆ ಉಸಿರಿದೆ.

ಇದನ್ನು ಗಂಡನಿಗೆ ಹೇಳಿದೆ. “ಅದಕ್ಕೇನಾಗುತ್ತೆ ಕಣೇ, ಗುಂಡುಕಲ್ಲಿನ ಹಾಗಿದೆ” ಅಂದ. ಅಷ್ಟರಲ್ಲಿ ಅವನ ಫೋನು. ಅವನು ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರು. ಎಲ್ಲೋ ಯಾರೋ ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದರು. ಒಂದು ಕೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಅವನು ಮಾತಾಡಿದ: “ಹೆದರಬೇಡಿ. ಗಾಳಿ ಬರ್ತಾ ಇದೆ ತಾನೆ? ಕೂತ್ಕೊಳ್ಳಿ. ಮಾತಾಡ್ತಾ ಇರಿ, ನಾನು ಲೈನಲ್ಲೇ ಇದೀನಿ. ಏನಾದ್ರೂ ಹೇಳಿ, ಪರವಾಗಿಲ್ಲ, ಏನಾದ್ರೂ.” ಅಷ್ಟು ಮೆತ್ತಗಿನ ದನಿ. ಮೆಟ್ಟಿಲು ಇಳಿದು ಹೋಗುವವರೆಗೂ ಕೇಳಿಸುತ್ತಲೇ ಇತ್ತು.

ನಾನೂ ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿಬೀಳಬೇಕು. ನಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲ.

ನವೆಂಬರ್ 20

ಆಸ್ಪತ್ರೆಗೆ ತೂಕಕ್ಕೆ ಹೋಗಿದ್ದೆವು. ಮಗುವಿನ ತೂಕ ಏರಿಲ್ಲ. ಹೋದ ತಿಂಗಳು ಇದ್ದಷ್ಟೇ.

ನರ್ಸು ಪುಸ್ತಕದಲ್ಲಿ ಬರೆದುಕೊಳ್ಳುತ್ತ ತಲೆ ಎತ್ತದೆಯೇ ಕೇಳಿದಳು: “ಹಾಲು ಸಾಕಾಗ್ತಿದೆಯಾ?” ಅಷ್ಟೇ ಕೇಳಿದ್ದು. ನಾನು ‘ಹೂಂ’ ಅಂದೆ. ಆಮೇಲೆ ‘ಗೊತ್ತಿಲ್ಲ’ ಅಂದೆ. ಹಿಂದೆ ನಿಂತಿದ್ದ ಇನ್ನೊಬ್ಬಳ ಮಗು ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿತ್ತು.

ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಸಾಕಾಗ್ತಿದೆಯಾ, ಸಾಕಾಗ್ತಿದೆಯಾ. ಬಸ್ಸಿನ ಚಕ್ರವೂ ಅದನ್ನೇ ಹೇಳಿದಂತೆ. ಮನೆಗೆ ಬಂದು ಇಮೇಲ್ ತೆಗೆದು ಓದಿದೆ. ‘ಇಷ್ಟು ವರ್ಷ ನೀವು ತೋರಿದ ನಿಷ್ಠೆಗೆ ನಾವು ಋಣಿ.’

ಒಂದು ಕಡೆಯಾದರೂ ನಾನು ಸಾಕಾಗಿದ್ದೇನೆ.

ನವೆಂಬರ್ 27

ಅಕ್ಕ ಫೋನ್ ಮಾಡಿದ್ದಳು. ಅವಳಿರುವ ಊರಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ.

“ಚಿನ್ನಾನ ಕರ್ಕೊಂಡು ಬಂದುಬಿಡೇ ಇಲ್ಲಿಗೆ. ಸ್ವಲ್ಪ ದಿನ ನಾನು ನೋಡ್ಕೋತೀನಿ, ನೀನು ಸುಮ್ನೆ ಬಿದ್ಕೊ.”

“ವಿಮಾನದಲ್ಲಾ? ಮಗು ಎತ್ಕೊಂಡಾ?”

“ಇನ್ನೇನು ತಲೆ ಮೇಲೆ ಹೊತ್ಕೊಂಡು ಬರ್ತೀಯಾ? ದಿನಾ ವಿಮಾನದಲ್ಲೇ ಸಂಸಾರ ಮಾಡ್ತಿದ್ದೋಳು ನೀನು. ನಿನಗೇನೇ ಭಯ?”

ಭಯವಲ್ಲ. ವಿಮಾನ ಎಂದರೆ ನಾನು ಒಬ್ಬಳೇ ಇರುತ್ತಿದ್ದ ಜಾಗ. ಪಕ್ಕದ ಸೀಟಿನವರು ಮಾತಾಡಿಸದಿರಲಿ ಎಂದು ಕಿವಿಗೆ ಸುಮ್ಮನೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದವಳು ನಾನು. ಅಲ್ಲಿಗೆ ಮಗುವನ್ನು ಹೇಗೆ ಕರೆದುಕೊಂಡು ಹೋಗುವುದು? ಇದನ್ನು ಅಕ್ಕನಿಗೆ ಹೇಳಿದರೆ ‘ಅಮ್ಮ ಆದೋಳು ಆಡೋ ಮಾತಾ?’ ಎನ್ನುತ್ತಾಳೆ. ‘ನೋಡೋಣ’ ಅಂದೆ. ಆಗಲೂ ಒಬ್ಬಳೇ ಇದ್ದೆ, ಈಗಲೂ ಒಬ್ಬಳೇ. ಆಗಿನದು ಚೆನ್ನಾಗಿತ್ತು.

ಡಿಸೆಂಬರ್ 3

ಟಿಕೆಟ್ ತೆಗೆದೆ.

ಹದಿನೆಂಟಕ್ಕೆ. ಬೆಳಿಗ್ಗೆ ಹೋಗುವುದು, ಅಲ್ಲಿ ಇಳಿಯುವುದು, ನಿಲ್ದಾಣದಿಂದ ಹೊರಗೂ ಕಾಲಿಡದೆ ಮುಂದಿನ ವಿಮಾನದಲ್ಲಿ ವಾಪಸು. ಯಾವ ಊರು ಎಂದು ಸರಿಯಾಗಿ ನೋಡಲಿಲ್ಲ. ಸಮಯ ಹೊಂದುತ್ತಿತ್ತು, ಒತ್ತಿದೆ. ಒತ್ತಿದ ಮೇಲೆ ಫೋನನ್ನು ದಿಂಬಿನ ಕೆಳಗೆ ತುರುಕಿದೆ, ಕದ್ದವಳಂತೆ.

ದರ್ಜೆ ಉಳಿಸಿಕೊಳ್ಳಲು ಸುಮ್ಮನೆ ಹಾರಿ ಬರುವವರನ್ನು ನಾವು ಆಫೀಸಿನಲ್ಲಿ ಆಡಿಕೊಂಡು ನಗುತ್ತಿದ್ದೆವು. ಒಬ್ಬ ಸಹೋದ್ಯೋಗಿಗೆ ‘ಗಾಳಿಪಟ’ ಎಂದೇ ಹೆಸರಿಟ್ಟಿದ್ದೆವು. ಈಗ ನಗು ಬರುತ್ತಿಲ್ಲ. ಕೆಲಸಕ್ಕೆ ಮತ್ತೆ ಹೋದಾಗ ಪೆಟ್ಟಿಗೆ ಸಾಗಿಸಬೇಕಲ್ಲ, ಅದಕ್ಕೆ ಚಿನ್ನ ಬೇಕು. ಗಂಡ ಕೇಳಿದರೆ ಹೀಗೆ ಹೇಳಬಹುದು. ಅವನು ಕೇಳುವುದಿಲ್ಲ, ಏಕೆಂದರೆ ನಾನು ಹೇಳುವುದಿಲ್ಲ.

ಡಿಸೆಂಬರ್ 10

ನರ್ಸಮ್ಮ ಒಪ್ಪಿದರು. ನಿವೃತ್ತಿಯಾಗಿ ಮೇಲಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಟಿವಿ ಜೋರಾಗಿ ಹಾಕಿಕೊಂಡು ಅದರ ಜೊತೆ ಜಗಳವಾಡುತ್ತಾರೆ. ಒಂದು ದಿನ ಆಫೀಸಿನ ಕೆಲಸವಿದೆ, ರಾತ್ರಿ ಬರುತ್ತೇನೆ ಎಂದು ಹೇಳಿದೆ.

“ಹಾಲು?”

“ಹಿಂಡಿ ಫ್ರಿಜ್ಜಲ್ಲಿ ಇಟ್ಟುಹೋಗ್ತೀನಿ.”

“ಬಾಟಲಿ ಕುಡಿಯುತ್ತಾ?”

“ಅಭ್ಯಾಸ ಮಾಡಿಸ್ತಿದೀನಿ.”

“ನಿನ್ನ ಮುಖ ನೋಡಿದ್ರೆ ನಿನಗೇ ಯಾರಾದ್ರೂ ಬಾಟಲೀಲಿ ಹಾಕಿ ಕುಡಿಸ್ಬೇಕು ಅನ್ಸುತ್ತೆ” ಅಂದರು.

ಮಗು ಬಾಟಲಿ ಕುಡಿಯುತ್ತಿಲ್ಲ. ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ತಳ್ಳಿ ನನ್ನ ಮುಖ ನೋಡುತ್ತದೆ. ಬೈಯುತ್ತದೆ ಅನ್ನಿಸುತ್ತದೆ.

ಡಿಸೆಂಬರ್ 14

ಏನೂ ಇಲ್ಲ. ನಿದ್ದೆ ಇಲ್ಲ. ಸಕ್ಕರೆ ಡಬ್ಬಿಯನ್ನು ಫ್ರಿಜ್ಜಿನೊಳಗಿಟ್ಟು ಮನೆಯೆಲ್ಲ ಹುಡುಕಿದೆ.

ಡಿಸೆಂಬರ್ 17

ನಾಳೆ. ಹಳೆಯ ಆಫೀಸಿನ ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿಲ್ಲ. ಪಿನ್ನು ಹಾಕಿ ಮೇಲೆ ಉದ್ದನೆಯ ಅಂಗಿ ಬಿಟ್ಟು ನೋಡಿಕೊಂಡೆ. ನಡೆಯುತ್ತದೆ.

ಆ ವಿಶ್ರಾಂತಿ ಕೋಣೆಯ ಕಿಟಕಿ ಪಕ್ಕದ ಕುರ್ಚಿಯೇ ಕಣ್ಣ ಮುಂದೆ. ಗುಂಡಿ ಒತ್ತಿದರೆ ಕಾಲು ತಾನೇ ಮೇಲೇರುತ್ತದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಾಕಾಗ್ತಿದೆಯಾ ಎಂದು ಕೇಳುವುದಿಲ್ಲ. ಎಲ್ಲರೂ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರು. ಹಾಗೇ ಇದ್ದುಬಿಟ್ಟರೆ? ಅಂದರೆ, ಸ್ವಲ್ಪ ಹೊತ್ತು ಹೆಚ್ಚಿಗೆ.

ಮಗುವಿನ ಬಟ್ಟೆಗಳನ್ನೆಲ್ಲ ಮಡಿಸಿಟ್ಟಿದ್ದೇನೆ. ಬೇಕಾಗಿರುವುದಕ್ಕಿಂತ ಜಾಸ್ತಿಯೇ ಮಡಿಸಿದೆ. ಔಷಧಿ ಯಾವುದು, ಎಷ್ಟು ಹನಿ, ಹೊಟ್ಟೆ ನೋವು ಬಂದರೆ ಹೇಗೆ ಎತ್ತಿಕೊಳ್ಳಬೇಕು, ಎಲ್ಲ ನರ್ಸಮ್ಮನಿಗೆ ಹೇಳಿದೆ. “ಒಂದು ದಿನಕ್ಕೆ ಹೋಗ್ತಿದೀಯೋ, ಒಂದು ವರ್ಷಕ್ಕೋ?” ಅಂದರು.

ಡಿಸೆಂಬರ್ 18

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿಲ್ದಾಣದಲ್ಲಿ ಸಾಮಾನ್ಯರ ಸಾಲು ಬಾಗಿಲವರೆಗೂ ಬಂದಿತ್ತು. ಚಿನ್ನದ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಕೆಂಪು ಹಗ್ಗ ಸರಿಸಿ ಒಳಗೆ ಹೋದೆ. ಕೌಂಟರಿನವನು ಪರದೆ ನೋಡಿ, ನನ್ನನ್ನು ನೋಡಿ, ನನ್ನ ಹೆಸರು ಹೇಳಿ, “ಸ್ವಾಗತ, ತುಂಬ ದಿನ ಆಯ್ತಲ್ಲ ಮೇಡಂ, ಚೆನ್ನಾಗಿದೀರಾ?” ಎಂದ. ನನಗೆ ಅಳುವೇ ಬಂತು. ಟಿಕೆಟ್‌ನಲ್ಲಿ ಏನೋ ತಪ್ಪಾಗಿದೆಯೆಂದು ಅವನು ಗಾಬರಿಯಿಂದ ಪರದೆಯನ್ನು ಮತ್ತೆ ನೋಡಿದ. “ಸಾಮಾನು?” ಅಂದ. “ಏನೂ ಇಲ್ಲ” ಅಂದೆ. ಕೈಗಳೆರಡೂ ಖಾಲಿ. ಎಲ್ಲಿಡಬೇಕೆಂದು ತಿಳಿಯದೆ ಎದೆ ಮೇಲೆ ಕಟ್ಟಿಕೊಂಡಿದ್ದೆ, ಏನನ್ನೋ ಎತ್ತಿಕೊಂಡವಳಂತೆ.

ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಗೋಡೆಯ ಮೇಲೆ ಅದೇ ಹಳೆಯ ಫಲಕ: ‘ನಿಮ್ಮ ನೆಮ್ಮದಿಗಾಗಿ ಇಲ್ಲಿ ವಿಮಾನಗಳ ಘೋಷಣೆ ಇರುವುದಿಲ್ಲ.’ ಗೊತ್ತಿದ್ದದ್ದೇ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಬೇಕು ಎಂದುಕೊಂಡೆ. ಗುಂಡಿ ಒತ್ತಿದೆ. ಕಾಲು ಮೇಲೇರಿತು.

ಎಚ್ಚರವಾದಾಗ ಮೊದಲು ಪಕ್ಕಕ್ಕೆ ಕೈ ಚಾಚಿದೆ. ಕುರ್ಚಿಯ ತೋಳು ಸಿಕ್ಕಿತು. ಇವಳೆಲ್ಲಿ? ಇವಳೆಲ್ಲಿ ಎಂದು ಎದ್ದು ಕುರ್ಚಿಯ ಕೆಳಗೆಲ್ಲ ಹುಡುಕಿದೆ. ಅಂಗಿಯ ಮುಂಭಾಗ ಹಾಲಿನಿಂದ ತೊಯ್ದು ತಣ್ಣಗಾಗಿತ್ತು. ನನ್ನ ಮೇಲೆ ಯಾರೋ ಶಾಲು ಹೊದಿಸಿದ್ದರು. ಕೋಣೆ ನೋಡಿಕೊಳ್ಳುವ ಹೆಂಗಸು ಓಡಿ ಬಂದಳು.

“ಏನು ಕಳೆದುಹೋಯ್ತು ಮೇಡಂ?”

“ನನ್ನ ವಿಮಾನ ಎಷ್ಟು ಹೊತ್ತಿಗೆ?” ಎಂದು ಕೇಳಿದೆ. ಬೇರೆ ಏನು ಕೇಳಲಿ.

“ಅಯ್ಯೋ, ಅದು ಹೋಗಿ ಊಟದ ಹೊತ್ತಾಯ್ತು.”

“ಎಬ್ಬಿಸಬಾರ್ದಿತ್ತಾ?”

“ಎಬ್ಬಿಸ್ದೆ ಮೇಡಂ. ‘ಶ್, ಮಗು ಮಲಗಿದೆ, ಮೆತ್ತಗೆ ಮಾತಾಡಿ’ ಅಂತ ನನಗೇ ಗದರಿಸಿ ಆ ಕಡೆ ತಿರುಗಿಕೊಂಡ್ರಿ. ಮಗು ಎಲ್ಲಿ ಅಂತ ನಾನೂ ಹುಡುಕಿದೆ. ಆಮೇಲೆ ಈ ಅಂಗಿ ನೋಡಿದೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

ಆಟೋದವನಿಗೆ ಬೇಗ ಬೇಗ ಎಂದು ಪ್ರಾಣ ತಿಂದೆ. ಮೆಟ್ಟಿಲು ಹತ್ತಿ ನರ್ಸಮ್ಮನ ಬಾಗಿಲು ಬಡಿದೆ. ಅವಳು ಅವರ ತೊಡೆ ಮೇಲೆ ಕೂತು ಟಿವಿ ನೋಡುತ್ತಿದ್ದಳು, ಮನೆ ಯಜಮಾನತಿಯ ಹಾಗೆ. ಬಾಟಲಿ ಕಂಡರೆ ಮುಖ ತಿರುಗಿಸಿದಳಂತೆ. ಚಮಚದಲ್ಲಿ ಕೊಟ್ಟರೆ ಬೆಕ್ಕಿನಂತೆ ನೆಕ್ಕಿ ನೆಕ್ಕಿ ಕುಡಿದಳಂತೆ. ನನ್ನನ್ನು ನೋಡಿದ ತಕ್ಷಣ ತುಟಿ ಉಬ್ಬಿಸಿ, ಅಳುವುದೋ ನಗುವುದೋ ಎಂದು ಸ್ವಲ್ಪ ಯೋಚಿಸಿ, ಎರಡನ್ನೂ ಒಟ್ಟಿಗೇ ಮಾಡಿದಳು.

“ರಾತ್ರಿ ಆಗುತ್ತೆ ಅಂದಿದ್ದೆ?” ಎಂದರು ನರ್ಸಮ್ಮ.

“ಕೆಲಸ ಬೇಗ ಮುಗೀತು.”

ಅವರು ನನ್ನ ಕೆನ್ನೆ ನೋಡಿದರು. “ನಿಮ್ಮ ಆಫೀಸಲ್ಲಿ ಒಳ್ಳೆ ದಿಂಬು ಕೊಡ್ತಾರೆ. ಗೆರೆ ಇನ್ನೂ ಹೋಗಿಲ್ಲ.”

ಟಿಕೆಟ್ ಹಾಳಾಯಿತು. ಚಿನ್ನ ಉಳಿಸಿಕೊಳ್ಳಲು ಹೋಗಿ ಚಿನ್ನದವರ ಕುರ್ಚಿಯಲ್ಲೇ ನಿದ್ದೆ ಹೊಡೆದು ವಿಮಾನ ತಪ್ಪಿಸಿಕೊಂಡವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಗಾಳಿಪಟಕ್ಕೆ ತಿಳಿದರೆ ಬಿದ್ದು ಬಿದ್ದು ನಗುತ್ತಾನೆ.

ಡಿಸೆಂಬರ್ 20

ಗಂಡನಿಗೆ ಗೊತ್ತಾಯಿತು. ತುರ್ತಿಗೆ ಎಂದು ಎಂದೋ ಕೊಟ್ಟಿದ್ದ ಅವನ ನಂಬರಿಗೆ ಕಂಪನಿಯವರು ಸಂದೇಶ ಕಳಿಸಿದ್ದಾರೆ: ‘ವಿಮಾನದ ಬಾಗಿಲಲ್ಲಿ ನಿಮ್ಮ ದಾರಿ ಕಾದೆವು. ನೀವು ಬರಲಿಲ್ಲ.’

ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ನಾನು ಪಾತ್ರೆ ಉಜ್ಜುತ್ತಿದ್ದೆ.

“ಎಲ್ಲಿಗೆ ಹೊರಟಿದ್ದೆ?”

“ಎಲ್ಲಿಗೂ ಇಲ್ಲ. ಹೋಗಿ ಬರೋಕೆ.”

“ಹೋಗಿ ಏನ್ಮಾಡೋಕೆ?”

“ಬರೋಕೆ.”

ಎಲ್ಲವನ್ನೂ ಹೇಳಿದೆ. ದರ್ಜೆ, ಪೆಟ್ಟಿಗೆ, ಕುರ್ಚಿ. “ಅಲ್ಲ ಕಣೇ, ನಿದ್ದೆ ಮಾಡೋಕೆ ಏರ್‌ಪೋರ್ಟಿಗೆ ಹೋಗಿದ್ಯಾ?” ಎಂದು ನಗಲು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಅವನೇ ಕೈ ಚಾಚಿ ನಲ್ಲಿ ನಿಲ್ಲಿಸಿದ.

“ಬರ್ತಿದ್ದೆ ತಾನೆ?”

“ವಾಪಸ್ ಟಿಕೆಟ್ಟೂ ತೆಗೆದಿದ್ನಲ್ಲ” ಅಂದೆ.

“ಅದನ್ನ ಕೇಳ್ಲಿಲ್ಲ ನಾನು.”

ನಾನು ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದೆ. ಅವನು ಕಟ್ಟೆಗೆ ಒರಗಿ ನಿಂತು, “ಮಾತಾಡು. ಏನಾದ್ರೂ ಹೇಳು, ಪರವಾಗಿಲ್ಲ, ಏನಾದ್ರೂ. ನಾನು ಇಲ್ಲೇ ಇದೀನಿ” ಅಂದ. ಲಿಫ್ಟಿನ ದನಿಯಲ್ಲಿ. ಅವನಿಗೇ ಗೊತ್ತಾಗಿರಲಿಕ್ಕಿಲ್ಲ.

ಬೆರಳು ಹಿಡಿಯುವುದನ್ನು, ಫ್ಯಾನ್ ನಿಲ್ಲಿಸುವುದನ್ನು, ಸಾಕಾಗ್ತಿದೆಯಾ ಎಂಬುದನ್ನು ಮತ್ತೆ ಮೊದಲಿಂದ ಹೇಳಿದೆ. ಗುಂಡುಕಲ್ಲು ಎನ್ನಲಿಲ್ಲ ಈ ಸಲ. ಫೋನು ಬಂತು, ಬೇರೆಯವನನ್ನು ಕಳಿಸಿ ಎಂದು ಇಟ್ಟುಬಿಟ್ಟ.

ಡಿಸೆಂಬರ್ 22

ಬೆಳಗಿನ ಹೊತ್ತು ಅವನ ಪಾಳಿ ಎಂದು ತೀರ್ಮಾನ. ನಾನು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು. ಮೊದಲ ದಿನ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಆ ಕಡೆಯಿಂದ ಅವನ ದನಿ: “ನಿಮ್ಮಮ್ಮ ಮಲಗಿದಾಳೆ. ನಾವಿಬ್ರೂ ಸಿಕ್ಕಿಬಿದ್ದಿದೀವಿ. ಹೆದರ್ಬೇಡ, ಸಹಾಯ ಬರ್ತಾ ಇದೆ.” ಡೈಪರನ್ನು ಹಿಂದುಮುಂದಾಗಿ ಹಾಕಿದ್ದಾನೆ. ಹೇಳಲಿಲ್ಲ.

“ಇನ್ನೂ ದಿನ ಇದೆಯಲ್ಲ, ಇನ್ನೊಂದು ಟಿಕೆಟ್ ತಗೋ. ನಾನು ರಜೆ ಹಾಕಿ ನೋಡ್ಕೋತೀನಿ, ಚಿನ್ನ ಉಳಿಸ್ಕೊ” ಎಂದ. ಹೌದು, ದಿನ ಇದೆ. ನಾಳೆ ನೋಡಬೇಕು.

ಡಿಸೆಂಬರ್ 31

ಮಗುಚಿದಳು! ಹಾಸಿಗೆಯ ಮೇಲೆ ಅಂಗಾತ ಬಿಟ್ಟು ಟವೆಲ್ ತರಲು ಹೋಗಿ ಬರುವಷ್ಟರಲ್ಲಿ ಬೋರಲಾಗಿ, ಒಂದು ಕೈ ಎದೆಯ ಕೆಳಗೆ ಸಿಕ್ಕಿಸಿಕೊಂಡು, ತಲೆ ಎತ್ತಿ ‘ಇದು ಯಾರು ಮಾಡಿದ್ದು?’ ಎಂಬಂತೆ ನೋಡುತ್ತಿದ್ದಾಳೆ. ಕೈ ಬಿಡಿಸಿಕೊಟ್ಟೆ. ತಿರುಗಿಸಿ ಮಲಗಿಸಿದೆ. ಮತ್ತೆ ಮಗುಚಿದಳು. ಮಧ್ಯಾಹ್ನವೆಲ್ಲ ಇದೇ ಕೆಲಸ. ನರ್ಸಮ್ಮನನ್ನು ಕೂಗಿ ಕರೆದು ತೋರಿಸಿದರೆ, ಅವರ ಮುಂದೆ ಮಾತ್ರ ಮರದ ತುಂಡಿನಂತೆ ಬಿದ್ದಿದ್ದಳು. “ಬಲೇ ಕಳ್ಳಿ” ಎಂದರು.

ಗಂಡನಿಗೆ ವಿಡಿಯೊ ಕಳಿಸಿದೆ. ಯಾವುದೋ ಹದಿನಾಲ್ಕನೇ ಮಹಡಿಯಿಂದ ಫೋನ್ ಮಾಡಿ ಕೂಗಾಡಿದ.

ಜನವರಿ 4

ಇಮೇಲ್: ‘ಬೆಳ್ಳಿ ಬಳಗಕ್ಕೆ ಸ್ವಾಗತ.’

ಅರೆ. ಮರೆತೇ ಹೋಗಿತ್ತು.

ಬೇಜಾರಾಯಿತು. ಎಷ್ಟೊಂದು ವರ್ಷ. ಹೆಸರು ಮಾತ್ರ ಪೂರ್ತಿ ಬರೆದಿದ್ದಾರೆ, ಅಪ್ಪನ ಹೆಸರಿನ ಸಮೇತ. ಹಳೆಯ ಕಾರ್ಡ್ ಇವಳ ಕೈಯಲ್ಲಿದೆ, ಅಂಚನ್ನು ವಸಡಿಗೆ ಒತ್ತಿ ಒತ್ತಿ ಚೀಪುತ್ತಿದ್ದಾಳೆ. ಕಿತ್ತುಕೊಂಡು ತೊಳೆದು ವಾಪಸು ಕೊಟ್ಟೆ.

ಜನವರಿ 11

ಆಸ್ಪತ್ರೆ. ಅದೇ ನರ್ಸು, ಅದೇ ತೂಕದ ಯಂತ್ರ. “ಈ ಸಲಾನೂ ಅಷ್ಟೇನೂ ಏರಿಲ್ಲ ನೋಡಿ” ಎಂದಳು.

ಏರಿಲ್ಲವೇ? ತೋಳಿನ ಹತ್ತಿರ ಅಂಗಿ ಬಿಗಿದು ಹರಿಯುವ ಹಾಗಿದೆ. ಆಗ ಬಗ್ಗಿ ನೋಡಿದೆ. ಯಂತ್ರದ ತಟ್ಟೆಯ ಅಂಚು ಹಿಂದಿನ ಗೋಡೆಗೆ ತಾಗಿಕೊಂಡಿದೆ! ಮಗುವಿನ ಭಾರದಲ್ಲಿ ಒಂದಿಷ್ಟನ್ನು ಗೋಡೆಯೇ ಹೊರುತ್ತಿದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ. ಹೋದ ಸಲ ಇದರ ಮುಂದೆಯೇ ನಿಂತಿದ್ದೆ. ನನ್ನ ಕಣ್ಣಿಗೇಕೆ ಬೀಳಲಿಲ್ಲವೋ.

“ಒಂದ್ನಿಮಿಷ ಸಿಸ್ಟರ್” ಎಂದು ಯಂತ್ರವನ್ನು ಒಂದು ಗೇಣು ಮುಂದಕ್ಕೆ ಎಳೆದೆ. ಖಾಲಿ ತಟ್ಟೆಗೆ ಸೊನ್ನೆ ಮಾಡಿದೆ.

“ರೀ, ಅದನ್ನೆಲ್ಲ ಮುಟ್ಬಾರ್ದು. ನೀವೇನು ತೂಕದ ಇನ್‌ಸ್ಪೆಕ್ಟರಾ?”

“ಹೂಂ” ಅಂದೆ.

ಅವಳು ನಕ್ಕಳು. ನಾನು ನಗದಿರುವುದನ್ನು ನೋಡಿ ನಿಲ್ಲಿಸಿದಳು. ಇವಳನ್ನು ಮತ್ತೆ ಮಲಗಿಸಿದೆವು. ಅಂಕಿ ಏರಿತು, ಇನ್ನೂ ಏರಿತು, ನಿಂತಿತು. ನರ್ಸು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿ, “ಹಂಗಾದ್ರೆ ಬೆಳಗಿಂದ ಬಂದೋರದೆಲ್ಲ...” ಎಂದು ಬಾಗಿಲ ಕಡೆ ನೋಡಿದಳು. ಹೊರಗೆ ಬೆಂಚಿನ ತುಂಬ ತಾಯಂದಿರು ಕೂತಿದ್ದರು. ಒಬ್ಬೊಬ್ಬರನ್ನೇ ವಾಪಸು ಕರೆದು ತೂಗಿದೆವು. ಒಬ್ಬ ಹುಡುಗಿ, ನನಗಿಂತ ಚಿಕ್ಕವಳು, ಹೊಸ ಅಂಕಿ ನೋಡಿ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅವಳ ಬೆನ್ನು ತಟ್ಟುತ್ತ, “ಗೋಡೆಗೆ ತಾಗಿತ್ತು ಅಷ್ಟೇ ಕಣಮ್ಮ, ನಿನ್ನದೇನೂ ಇಲ್ಲ” ಎಂದು ಹೇಳುತ್ತಿದ್ದೆ. ಮನೆಗೆ ತಡವಾಯಿತು. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ.

ಫೆಬ್ರವರಿ 8

ಇದನ್ನು ವಿಮಾನದಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮನೆಗೆ ಹೊರಟಿದ್ದೇವೆ, ಇವಳೂ ನಾನೂ. ಎಡ ತೋಳಿನ ಮೇಲೆ ಮಲಗಿದ್ದಾಳೆ, ಹಾಗಾಗಿ ಅಕ್ಷರ ಸೊಟ್ಟ.

ನಿಲ್ದಾಣದಲ್ಲಿ ಒಂದು ತಮಾಷೆಯಾಯಿತು. ಬ್ಯಾಗು ಒಂದು ಭುಜಕ್ಕೆ, ಇವಳು ಇನ್ನೊಂದು ಭುಜಕ್ಕೆ. ಸಾಲುಗಳು ಶುರುವಾಗುವ ಕಡೆ ಸಮವಸ್ತ್ರದ ಹುಡುಗಿಯೊಬ್ಬಳು ನಿಂತು ಎಲ್ಲರನ್ನೂ ವಿಂಗಡಿಸುತ್ತಿದ್ದಳು. “ಮೇಡಂ, ನಿಮ್ಮದು ಯಾವ ಬಳಗ?” ಎಂದು ಕೇಳಿದಳು. ಆಗಲೇ ಇವಳು ಕಾಲುಚೀಲ ಕಿತ್ತು ಬಾಯಿಗೆ ತುರುಕಿಕೊಂಡಳು. “ಚಿನ್ನಾ” ಎಂದೆ. “ಚಿನ್ನಾ, ಚಿನ್ನಾ, ಬಿಡಮ್ಮಾ.”

ಹುಡುಗಿ ತಕ್ಷಣ ಕೆಂಪು ಹಗ್ಗ ಬಿಚ್ಚಿದಳು. “ಬಿಟ್ಟೆ ಮೇಡಂ, ಬನ್ನಿ. ಒಂದು ಸಲ ಹೇಳಿದ್ರೆ ಸಾಕಿತ್ತು.”

ನನಗೆ ಅರ್ಥವಾಗುವಷ್ಟರಲ್ಲಿ ಕೌಂಟರಿನ ಮುಂದಿದ್ದೆ. ಅಲ್ಲಿದ್ದವನು ಪರದೆ ನೋಡಿ, “ಇಲ್ಲಿ ಬೆಳ್ಳಿ ಅಂತಿದೆಯಲ್ಲ?” ಎಂದ.

“ಅವರೇ ಚಿನ್ನ ಅಂದ್ರು ಸಾರ್, ಮೂರು ಸಲ” ಎಂದಳು ಹುಡುಗಿ.

“ಇವಳನ್ನ ಕರೆದೆ ನಾನು” ಎಂದೆ. “ನಾನು ಬೆಳ್ಳಿ.”

ಹಿಂದೆ ನಿಂತಿದ್ದ ಕೋಟಿನವನು, ವಜ್ರದವನೇ ಇರಬೇಕು, “ಸಾಲು ಹಾರೋಕೆ ಒಬ್ಬೊಬ್ಬರದು ಒಂದೊಂದು ನೆಪ” ಎಂದು ಗೊಣಗಿದ. ಕೌಂಟರಿನವನು ನಗು ತಡೆದುಕೊಂಡು, “ದಯವಿಟ್ಟು ಆ ಕಡೆ ಮೇಡಂ. ಚಿನ್ನಾನೂ ಕರ್ಕೊಂಡು ಹೋಗಿ” ಎಂದ. ಹಗ್ಗದ ಕೆಳಗೆ ಬಗ್ಗಿ ಉದ್ದನೆಯ ಸಾಲಿನ ತುದಿಗೆ ಬಂದೆ. ನನ್ನ ಮುಂದೆ ಬಿಳಿ ಕೂದಲಿನ ಹೆಂಗಸೊಬ್ಬರು ನಿಂತಿದ್ದರು. ಇವಳು ಅವರ ಜಡೆ ಹಿಡಿದಳು. ಬಿಡಲಿಲ್ಲ. ನಾನು ಬಿಡಿಸಲು ಹೋದರೆ, “ಹಿಡ್ಕೊಳ್ಲಿ ಬಿಡಿ, ನಾನೇನು ಓಡಿಹೋಗ್ತೀನಾ ಈ ಸಾಲು ಬಿಟ್ಟು?” ಎಂದರು. ಜಡೆ ಹಿಡಿಸಿಕೊಂಡೇ ಹಿಂದಕ್ಕೆ ವಾಲಿ ಮಾತಾಡುತ್ತ ಸಾಲು ಸವೆಸಿದರು. ಸಾಲು ಯಾವಾಗ ಮುಗಿಯಿತೋ.

ಈಗ ಅವರ ಸೀಟು ನನ್ನ ಪಕ್ಕದ್ದೇ. ಇಯರ್‌ಫೋನ್ ಬ್ಯಾಗಿನ ತಳದಲ್ಲೆಲ್ಲೋ ಇದೆ. ಕಣ್ಣು ಎಳೆಯುತ್ತಿರುವುದು ಅವರಿಗೆ ಕಂಡಿರಬೇಕು.

“ಮಗು ಮಲಗಿದೆಯಲ್ಲ, ನೀವೂ ಒಂದು ನಿದ್ದೆ ತೆಗೀರಿ. ಇಳಿಯೋ ಹೊತ್ತಿಗೆ ಎಬ್ಬಿಸ್ತೀನಿ” ಎಂದರು. ಆಮೇಲೆ ಏನೋ ನೆನಪಾದವರಂತೆ ನನ್ನ ಕಡೆ ಬಗ್ಗಿ, “ಏನಂತ ಕೂಗಿ ಎಬ್ಬಿಸ್ಲಿ?” ಎಂದು ಕೇಳಿದರು.

ಹೆಸರು ಹೇಳಿದೆ. ಅಪ್ಪನದನ್ನು ಸೇರಿಸಲಿಲ್ಲ.